ಮಾನ್ವಿಯ ಜನರೇಟರ್ ಮತ್ತು ಹನ್ನೊಂದನೆಯ ಕಾರಣ

1946ರ ಮಾರ್ಚ್ 11, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಆ ಕೆಲಸ ಶುರುವಾದ ಹೊತ್ತು ನನ್ನ ದಿನಚರಿಯಲ್ಲಿ ಹೀಗಿದೆ. ಜಾಗ, ಮಾನ್ವಿಯಲ್ಲಿ ನಮ್ಮ ಮನೆಯ ಎದುರಿಗಿದ್ದ ಗ್ಯಾಸ್‌ಲೈಟ್ ರಿಪೇರಿ ಅಂಗಡಿ.

ಯುದ್ಧ ಮುಗಿದ ಮೇಲೆ ಸೈನ್ಯದವರು ಮಾರಿದ ಜನರೇಟರ್ ಒಂದನ್ನು ದೇವದುರ್ಗದ ಡೇರೆ ಸಿನಿಮಾದ ಮಾಲೀಕರು ರಾಯಚೂರಿನಲ್ಲಿ ಕೊಂಡಿದ್ದರು. ಅದನ್ನು ನಡೆಸುವ ಕೆಲಸ ಅಂಗಡಿಯವನಿಗೆ ಎಂದು ಮಾತಾಗಿತ್ತು. ಓಣಿಯವರೆಲ್ಲ ಅವನನ್ನು ಮಾಮಾ ಎನ್ನುತ್ತಿದ್ದೆವು. ರಾಯಚೂರಿನಲ್ಲಿ ಚೆನ್ನಾಗಿದ್ದ ಯಂತ್ರ, ಬಂಡಿಯಲ್ಲಿ ಮಾನ್ವಿಗೆ ಬರುವಷ್ಟರಲ್ಲಿ ಕೆಟ್ಟಿತ್ತು. ಎಂಜಿನ್ ತಿರುಗುತ್ತಿತ್ತು, ಕರೆಂಟು ಬರುತ್ತಿರಲಿಲ್ಲ. ಗುರುವಾರ ಮಧ್ಯಾಹ್ನದೊಳಗೆ ಬಲ್ಬು ಹತ್ತದಿದ್ದರೆ ರಾಯಚೂರಿನಿಂದ ಬೇರೆಯವರನ್ನು ಕರೆಸುತ್ತೇನೆ, ಕೆಲಸವೂ ಅವರಿಗೇ ಎಂದು ಮಾಲೀಕರು ಹೇಳಿಕಳಿಸಿದ್ದರು.

ಯಂತ್ರದ ಜೊತೆ ಇಂಗ್ಲಿಷ್ ಕೈಪಿಡಿಯೊಂದು ಬಂದಿತ್ತು. ಮಾಮಾನಿಗೆ ಓದು ಬಾರದು. ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಓದಿ ಹೇಳಲು ಕರೆದ. ಕರೆಂಟು ಬಾರದಿದ್ದರೆ ನೋಡಬೇಕಾದ ಹನ್ನೊಂದು ಕಾರಣಗಳು ಅದರ ಒಂದು ಪುಟದಲ್ಲಿ ಸಾಲಾಗಿ ಇದ್ದವು.

ನಾನು ಮೊದಲ ಸಾಲು ಓದುವ ಮುಂಚೆಯೇ ಮಾಮಾ ನನಗೆ ಹೇಳಿದ: "ಆಚಾರ್ರ, ಹಾದ್ಯಾಗ ಕುಲುಕಿ ಕುಲುಕಿ ಇದು ತನ್ನ ಕೆಲಸಾನ ಮರ್ತದ. ಬ್ಯಾಟ್ರಿ ಒಂದೀಟು ಮುಟ್ಟಿಸಿ ನೆನಪು ಮಾಡೂಣು. ರಾಯಚೂರಾಗ ಒಬ್ಬ ಫೌಜಿ ಹಂಗ ಮಾಡಿದ್ದು ನೋಡೀನಿ."

"ಸುಟ್ಟು ಹೋದ್ರ ಏನ್ ಮಾಡ್ತಿ ಮಾಮಾ? ಪುಸ್ತಕದಾಗ ಇದ್ದಂಗ ಒಂದೊಂದ ನೋಡೂಣು."

"ಆತ್ರೀಪಾ. ನಿಮ್ಮ ಪುಸ್ತಕ ಮಡಿ ಉಟ್ಕೊಂಡು ಬಂದದ, ಮುಟ್ಟಾಕ ಬರಂಗಿಲ್ಲ!"

ಮೊದಲು ಇಂಗಾಲದ ತುಂಡುಗಳನ್ನು ಉಜ್ಜಿದೆವು. ಆಮೇಲೆ ತಾಮ್ರದ ಉರುಳೆ, ತಂತಿಯ ಜೋಡಣೆಗಳು. ಒಂದೊಂದು ಮುಗಿದಾಗಲೂ ಎಂಜಿನ್ ತಿರುಗಿಸಿ ಮೀಟರಿನ ಮುಳ್ಳು ನೋಡುತ್ತಿದ್ದೆವು, ಅದು ಅಲುಗುತ್ತಿರಲಿಲ್ಲ. ಮೂರು ದಿನಗಳ ನನ್ನ ಲೆಕ್ಕ: ನೋಡಿದ ಕಾರಣ ಹತ್ತು, ಬಿಚ್ಚಿದ ತಿರುಪು ನೂರಾರು ಅಲ್ಲ, ಸರಿಯಾಗಿ ಎಂಬತ್ತಾರು, ಕಳೆದುಹೋದದ್ದು ಎರಡು. "ಬರ್ಕೊಳ್ರಿ ಆಚಾರ್ರ, ಲೆಕ್ಕ ಕೆಡಬಾರ್ದು," ಎಂದು ಮಾಮಾ ನಗುತ್ತಿದ್ದ. ಬುಧವಾರ ಸಂಜೆ ಮಾತ್ರ ನಗಲಿಲ್ಲ. ಗೋಡೆಯ ಮೊಳೆಗಳಿಗೆ ತೂಗುಹಾಕಿದ್ದ ಹಳೆಯ ಗ್ಯಾಸ್‌ಲೈಟುಗಳನ್ನು ನೋಡುತ್ತ, "ಇನ್ನ ಇವೇ ಗತಿ," ಎಂದ.

ಗುರುವಾರ ಬೆಳಿಗ್ಗೆ ಹನ್ನೊಂದನೆಯ ಸಾಲಿಗೆ ಬಂದೆ. ಯಂತ್ರದೊಳಗಿನ ಕಬ್ಬಿಣ ತನ್ನ ಅಯಸ್ಕಾಂತ ಗುಣ ಕಳೆದುಕೊಂಡಿದ್ದರೆ, ಅದರ ಸುರುಳಿಗೆ ಬ್ಯಾಟರಿಯ ತಂತಿಗಳನ್ನು ಒಂದು ಕ್ಷಣ ಮುಟ್ಟಿಸಬೇಕು. ಓದಿ ಹೇಳುವಾಗ ನನ್ನ ದನಿ ಇಳಿಯಿತು. ಮಾಮಾ ಬೀದಿಯಲ್ಲಿ ನಿಂತಿದ್ದ ಲಾರಿಯೊಂದರಿಂದ ಬ್ಯಾಟರಿ ಬೇಡಿ ತಂದ. ತಂತಿ ಮುಟ್ಟಿಸಿ, ಎಂಜಿನ್ ತಿರುಗಿಸಿದ. ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಲ್ಬು ಹತ್ತಿತು.

ಅಷ್ಟರಲ್ಲಿ ಬಂದ ಮಾಲೀಕರು ನನ್ನ ಕೈಯ ಪುಸ್ತಕ ನೋಡಿ, "ಓದಿದೋರು ಇದ್ರ ಹಿಂಗ ನೋಡ್ರಿ. ಮಿಷನ್ ನೀವ ನೋಡ್ಕೋರಿ, ಆಚಾರ್ರ," ಎಂದರು. ಮಾಮಾ ತಲೆ ತಗ್ಗಿಸಿ ತಂತಿ ಸುತ್ತುತ್ತಿದ್ದ.

"ನಾ ಅಲ್ರೀ. ಸೋಮವಾರನ ಇವ್ರು ಹೇಳಿದ್ರು, ನಾನ ಕೇಳ್ಲಿಲ್ಲ," ಎಂದೆ.

ಯಂತ್ರದ ಜೊತೆ ಅದೇ ಮಧ್ಯಾಹ್ನ ಮಾಮಾ ದೇವದುರ್ಗಕ್ಕೆ ಹೋದ. ಹೋಗುವಾಗ ಕೈಪಿಡಿಯನ್ನು ನನಗೇ ಬಿಟ್ಟ: "ನನಗ್ಯಾಕ್ರಿ, ಎಲ್ಲಾ ಕೇಳೀನಲ್ಲ."

ಅಂದಿನ ದಿನಚರಿಯಲ್ಲಿ "ಪುಸ್ತಕದ ಪ್ರಕಾರ ದುರಸ್ತಿ" ಎಂದು ಬರೆದಿದ್ದೆ. ಮೂರು ವರ್ಷದ ಮೇಲೆ ಈಗ ಅದನ್ನು ಹೊಡೆದುಹಾಕಿ "ಮಾಮಾ ಹೇಳಿದ ಪ್ರಕಾರ" ಎಂದು ತಿದ್ದಿದ್ದೇನೆ. ತೋರಿಸಲು ಅವನು ಇಲ್ಲಿಲ್ಲ, ಎಲ್ಲಿಗೆ ಹೋದನೋ ತಿಳಿಯದು. ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ನಂತರ ಆ ಅಂಗಡಿಯ ಬಾಗಿಲು ತೆರೆದಿಲ್ಲ. ಸಿನಿಮಾದ ಡೇರೆಯೂ ದೇವದುರ್ಗದಲ್ಲಿಲ್ಲ. ಕೈಪಿಡಿಯ ಹನ್ನೊಂದನೆಯ ಸಾಲಿನ ಮೇಲೆ ಅವನ ಎಣ್ಣೆಗೈಯ ಹೆಬ್ಬೆಟ್ಟಿನ ಗುರುತು ಮಾತ್ರ ಇದೆ. ಕೆಟ್ಟ ಜನರೇಟರಿಗೆ ಬ್ಯಾಟರಿ ಮುಟ್ಟಿಸಿ "ನೆನಪು ಮಾಡುವ" ರಿಪೇರಿಗಾರನನ್ನು ಯಾವ ಊರಿನಲ್ಲಾದರೂ ಕಂಡವರು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಊರಿನ ಹೆಸರು ತಿಳಿದರೆ ಸಾಕು, ಪುಸ್ತಕ ಹಿಡಿದು ನಾನೇ ಹೋಗುತ್ತೇನೆ.