ಬರೀ ಹೊಟ್ಟೆಯ ಮಂಗಳವಾರ

ಎಪ್ಪತ್ತರ ದಶಕದ ಕೊನೆ. ಶ್ರೀನಿವಾಸಪುರದ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮಾವಿನಕಾಯಿ ಕೀಳುವ ದಿನಗಳಲ್ಲೇ ನನ್ನ ದವಡೆ ಹಲ್ಲು ಕೆಟ್ಟು, ಎಡಗೆನ್ನೆ ಊದಿ, ಬಾಯಿ ತೆರೆಯುವುದೇ ಪ್ರಾಣಸಂಕಟವಾಯಿತು. ಮಾತು ನಿಂತೇಹೋಯಿತು. ಲವಂಗ ಇಟ್ಟಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ಕೋಲಾರದ ಆಸ್ಪತ್ರೆಗೆ ಹಲ್ಲಿನ ಡಾಕ್ಟರು ಬರುತ್ತಿದ್ದದ್ದು ಮಂಗಳವಾರ, ಶುಕ್ರವಾರ ಮಾತ್ರ, ಅದೂ ಮಧ್ಯಾಹ್ನ ಒಂದು ಗಂಟೆಯವರೆಗೆ.

ಮಂಗಳವಾರ ಹೊರಡುವ ಮುನ್ನ ಒಂದಿಷ್ಟು ರಾಗಿ ಗಂಜಿ ಕುಡಿಯೋಣವೆಂದು ಲೋಟ ಎತ್ತಿಕೊಂಡೆ. ಅತ್ತೆ ಕಿತ್ತುಕೊಂಡರು. ಮಾವನವರಿಗೆ ಹರ್ನಿಯಾ ಆಪರೇಷನ್ ಆದಾಗ ಹಿಂದಿನ ದಿನದಿಂದಲೇ ಏನೂ ಕೊಟ್ಟಿರಲಿಲ್ಲವಂತೆ. ಹಲ್ಲು ಕೀಳುವುದೂ ಆಪರೇಷನ್ನೇ ಅಲ್ಲವೇ ಎಂದರು. ನಮ್ಮ ಮನೆಯಲ್ಲಿ ಅವರ ಮಾತೇ ಮಾತು.

ಆಸ್ಪತ್ರೆಯಲ್ಲಿ ಅಟೆಂಡರ್ ಚೀಟಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟುಕೊಂಡು ಕೂಗುತ್ತಿದ್ದ. ಕೂಗಿದಾಗ ಇಲ್ಲದವರ ಚೀಟಿ ಅಡಿಗೆ ಹೋಗುತ್ತಿತ್ತು. ಹೀಗಾಗಿ ಬೆಂಚು ಬಿಟ್ಟು ಯಾರೂ ಏಳುತ್ತಿರಲಿಲ್ಲ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಅತ್ತೆ, ನಡುವೆ ನಾನು. ಬಾಗಿಲಾಚೆ ಯಾರೋ ನರಳುತ್ತಿದ್ದರು. ಎದ್ದು ಓಡಿಹೋಗಬೇಕೆನಿಸುತ್ತಿತ್ತು, ಓಡಿದರೆ ಹಲ್ಲೂ ನನ್ನ ಜೊತೆಗೇ ಬರುತ್ತದಲ್ಲ. ನಾಲ್ಕು ಗಂಟೆ ಹಾಗೇ ಕೂತಿದ್ದೆ.

ಹನ್ನೆರಡೂವರೆಗೆ ಸರದಿ ಬಂತು. ಡಾಕ್ಟರು ಸಿರಿಂಜು ಎತ್ತಿಕೊಂಡು, ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರು. ಅವರು ಕೇಳಿದ ರೀತಿಯಲ್ಲೇ ಏನೋ ಎಡವಟ್ಟಾಗಿದೆ ಅನ್ನಿಸಿತು. ಅಷ್ಟರಲ್ಲಿ ಅತ್ತೆ ಹೆಮ್ಮೆಯಿಂದ ಮುಂದೆ ಬಂದರು.

"ನೀರು ಕೂಡ ಮುಟ್ಸಿಲ್ಲ ಸ್ವಾಮಿ. ಬರೀ ಹೊಟ್ಟೇಲೇ ಕರ್ಕೊಂಡ್ ಬಂದಿದೀನಿ."

ಡಾಕ್ಟರು ಸಿರಿಂಜನ್ನು ಟ್ರೇಗೆ ವಾಪಸ್ಸಿಟ್ಟರು. ಖಾಲಿ ಹೊಟ್ಟೆಯಲ್ಲಿ ಸೂಜಿ ಚುಚ್ಚಿದರೆ ತಲೆ ಸುತ್ತಿ ಬೀಳುತ್ತಾರೆ, ಏನಾದರೂ ತಿನ್ನಿಸಿ ಕರೆತನ್ನಿ ಎಂದರು. ನನ್ನ ಚೀಟಿ ಎಲ್ಲಕ್ಕಿಂತ ಅಡಿಗೆ ಹೋಯಿತು. ಅತ್ತೆಯ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಅವರು ಹೊರಗೋಡಿ ಬಾಳೆಹಣ್ಣು, ಹಾಲು ತಂದು, ಹಣ್ಣನ್ನು ಬೆರಳಲ್ಲೇ ಕಿವುಚಿ ನನ್ನ ತುಟಿಗಳ ನಡುವೆ ತುರುಕಿದರು. ನುಂಗಲಾಗದೆ ಅತ್ತುಬಿಟ್ಟೆ. ನಮ್ಮನ್ನು ಮತ್ತೆ ಕೂಗುವ ಮೊದಲೇ ಒಂದು ಗಂಟೆಯಾಗಿ ಡಾಕ್ಟರು ಕೈ ತೊಳೆದುಕೊಂಡರು. ಗುಳಿಗೆ ಬರೆದುಕೊಟ್ಟು, ಶುಕ್ರವಾರ ಬನ್ನಿ ಎಂದರು. ಇನ್ನೂ ಮೂರು ದಿನ.

ವಾಪಸ್ ಬಸ್ಸಿನಲ್ಲಿ ಮಾವಿನಹಣ್ಣಿನ ಬುಟ್ಟಿಗಳ ನಡುವೆ ಕಾಲಿಡಲೂ ಜಾಗವಿರಲಿಲ್ಲ. ಕಿಟಕಿ ಪಕ್ಕ ನಾನು, ನನಗೆ ಅಂಟಿಕೊಂಡು ಅತ್ತೆ. ಬೈಯೋಣವೆಂದರೆ ಬಾಯಿಲ್ಲ, ಸರಿದು ಕೂರೋಣವೆಂದರೆ ಜಾಗವಿಲ್ಲ. ಅರ್ಧ ದಾರಿಯಾದ ಮೇಲೆ ಅವರು ಸೆರಗಿನಿಂದ ನನ್ನ ಗಲ್ಲ ಒರೆಸಿ, ಆ ಮನೆಯಲ್ಲಿ ಯಾರಿಗೂ ಆಡಿರದ ಮಾತು ಆಡಿದರು.

"ತಪ್ಪು ನಂದೇ ಕಣಮ್ಮ. ನಿನ್ನ ಗಂಜಿ ಕುಡಿಯೋಕೆ ಬಿಡ್ಬೇಕಿತ್ತು. ನನ್ ಮೇಲೆ ಕೋಪಾನಾ?"

ಇಲ್ಲ ಎಂದು ತಲೆಯಾಡಿಸುವುದಕ್ಕೆ ಬಾಯಿ ಬೇಕಿರಲಿಲ್ಲ. ನಾನು ಆಡಿಸಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಕೂತೆ. ಶುಕ್ರವಾರ ಹಲ್ಲು ಹೋಯಿತು, ವಾರದೊಳಗೆ ಮಾತೂ ಬಂತು. ಅತ್ತೆ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.