ಅರವತ್ತು ಎಣಿಸುವಷ್ಟು ಹೊತ್ತು

ಟರ್ನರ್ ಮಾವನಿಗೆ ಒಂದು ಕೆಟ್ಟ ಚಾಳಿಯಿತ್ತು. ಹೆಂಡತಿ ಏನು ಕೇಳಿದರೂ "ನಿನಗೆ ಅರ್ಥ ಆಗಲ್ಲ ಬಿಡು" ಅನ್ನುವುದು. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಲೇತ್ ಮುಂದೆ ನಿಂತು, ಕೂದಲೆಳೆಯ ಲೆಕ್ಕದಲ್ಲಿ ಉಕ್ಕು ಕಡೆದ ಮನುಷ್ಯ, ಅದಕ್ಕೇ ಟರ್ನರ್ ಎಂಬ ಹೆಸರು. ಅವನಿಗೆ ಗೊತ್ತಿದ್ದದ್ದು ಬಹಳವಿತ್ತು, ಒಪ್ಪೋಣ. ಆದರೆ ಗೊತ್ತಿದ್ದದ್ದನ್ನೆಲ್ಲ ಹೊಟ್ಟೆಯೊಳಗೇ ಇಟ್ಟುಕೊಂಡು ಕೂರುವ ಜಂಬ ಯಾಕೆ ಬೇಕಿತ್ತು ಅಂತ ಕೇಳಿದರೆ, ಈಗ ಉತ್ತರ ಹೇಳಲು ಅವನಿಗೆ ಬಾಯಿಯೇ ಇಲ್ಲ.

ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರಿತ್ತು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಗುಜರಿ ಅಂಗಡಿಯ ಹಿಂದೆ ಇಲಿಗಳು ಸಂಸಾರ ಹೂಡಿಕೊಂಡಿದ್ದ ಸ್ಥಿತಿಯಲ್ಲಿ ಅವನಿಗೆ ಸಿಕ್ಕಿದ್ದು. ಬೇರೆ ಯಾರೂ ಅದರ ತಂಟೆಗೆ ಹೋಗಿರಲಿಲ್ಲ, ಯಾಕೆಂದರೆ ಅದರದ್ದು ರೋಟರಿ ಎಂಜಿನ್. ಎಲ್ಲ ಗಾಡಿಗಳಲ್ಲೂ ಪಿಸ್ಟನ್ ಮೇಲೆ ಕೆಳಗೆ ಓಡಾಡಿದರೆ, ಇದರಲ್ಲಿ ಮೂರು ಮೂಲೆಯ ರೋಟರ್ ಒಂದು ಗೂಡಿನೊಳಗೆ ಗಿರಗಿರ ಸುತ್ತುತ್ತದೆ. ಮೂಲೆ ಮೂಲೆಗೂ ಬೆರಳುದ್ದದ ಲೋಹದ ಪಟ್ಟಿ, ಅದೇ ಸೀಲು. ಆ ಸೀಲು ಗೂಡಿನ ಗೋಡೆಗೆ ಅಂಟಿಕೊಂಡು ಜಾರುತ್ತಿರುವವರೆಗೆ ಎಂಜಿನ್ನಿಗೆ ಉಸಿರು. ಟರ್ನರ್ ಮಾವ ಒಂಬತ್ತು ವರ್ಷ ಅದರೊಂದಿಗೆ ಗುದ್ದಾಡಿದ. ಸಿಗದ ಭಾಗಗಳನ್ನು ತಾನೇ ಕಡೆದ. ಸೀಲುಗಳನ್ನು ಮಾತ್ರ ದೂರದೇಶದಿಂದ ತರಿಸಿದ. ಅದು ಅಲ್ಲಿ ಉಳಿದಿದ್ದ ಕೊನೆಯ ಸೆಟ್ಟು. ಗಾಡಿ ಮೊದಲ ಸಲ ಗುಂಯ್ ಎಂದ ದಿನ ಶೆಡ್ಡಿನ ಮೂಲೆಯಲ್ಲಿ ಕೂತು ಅತ್ತಿದ್ದ. ಆಮೇಲೆ ಕೈಯಲ್ಲಿದ್ದ ಸೀಮೆಎಣ್ಣೆ ಕಣ್ಣಿಗೆ ಹೋಯಿತು ಅಂತ ಸುಳ್ಳು ಹೇಳಿದ್ದ.

ಹೆಂಡತಿ ಆ ಕಾರನ್ನು ಸವತಿ ಎಂದೇ ಕರೆಯುತ್ತಿದ್ದಳು. ಆ ಎಂಜಿನ್ನಿಗೆ ಓಡುವಾಗ ಆಯಿಲ್ ಕುಡಿಯುವ ಗುಣ. ಕುಡಿದರೇ ಅದರ ಸೀಲಿಗೆ ಕ್ಷೇಮ. ಅವನು ಡಬ್ಬಿ ಹಿಡಿದು ಹೊರಟರೆ, "ಸವತಿಗೆ ಊಟ ಬಡಿಸೋಕೆ ಹೊರಟ್ರಾ?" ಅನ್ನುವಳು. ಒಮ್ಮೆ ತಾನಾಗಿಯೇ ಶೆಡ್ಡಿಗೆ ಬಂದು, "ಇದನ್ನ ಹೇಗೆ ನೋಡ್ಕೋಬೇಕು, ನನಗೂ ಹೇಳ್ಕೊಡಿ" ಎಂದಿದ್ದಳು. ಅವನು ಹೇಳಿದ್ದು ಅದೇ, ಬಿಡು ಎಂದು. ಅವಳು ಮತ್ತೆ ಕೇಳಲಿಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಬಚ್ಚಲಲ್ಲೇ ಕುಸಿದ. ಆಸ್ಪತ್ರೆಯಿಂದ ಮರಳುವಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಹೋಗಿತ್ತು. ಬರೆಯೋಣವೆಂದರೆ ಅಕ್ಷರಗಳೂ ಕೈಕೊಟ್ಟಿದ್ದವು. ಹೂಂ ಅನ್ನಲು ಹೋದರೆ ತಲೆ ಉಹೂಂ ಅಂತ ಆಡುತ್ತಿತ್ತು, ಉಹೂಂ ಅನ್ನಲು ಹೋದರೆ ಇನ್ನೇನೋ. "ಇವರಿಗೆ ಎಲ್ಲಾ ತಿಳಿಯುತ್ತೆ, ಹೊರಗೆ ಹಾಕೋಕೆ ಆಗಲ್ಲ ಅಷ್ಟೆ," ಎಂದರು ಡಾಕ್ಟರು. "ಸುಮ್ಮಸುಮ್ಮನೆ ಕಣ್ಣೀರು ಬರಬಹುದು, ಗಾಬರಿ ಬೀಳಬೇಡಿ." ಹೆಂಡತಿ ಅವನ ಮಂಚವನ್ನು ಶೆಡ್ಡಿನ ಕಡೆಯ ಕಿಟಕಿಗೆ ಹಾಕಿಸಿದಳು. ಸವತಿ ಕಣ್ಣ ಮುಂದೆ ಇದ್ದರೆ ಬೇಗ ಹುಷಾರಾಗುತ್ತಾರೆ ಎಂದು ಅವಳ ಲೆಕ್ಕ.

ಪಕ್ಕದ ಮನೆಯಲ್ಲಿ ಶಾಲಾ ವ್ಯಾನ್ ಓಡಿಸುವ ಡ್ರೈವರೊಬ್ಬ. ಒಳ್ಳೆಯವನೇ. "ಗಾಡಿ ನಿಂತಲ್ಲೇ ನಿಂತ್ರೆ ಬ್ಯಾಟರಿ ಕೂತುಬಿಡುತ್ತೆ ಅಕ್ಕಾ. ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ, ಒಂದು ನಿಮಿಷ ಬಿಟ್ಟು ಆಫ್ ಮಾಡಿ, ಸಾಕು," ಎಂದು ಕೀಲಿ ತಿರುಗಿಸುವುದನ್ನು ಹೇಳಿಕೊಟ್ಟ. ಬೇರೆ ಯಾವ ಗಾಡಿಗಾದರೂ ಆ ಬುದ್ಧಿವಾದ ನಡೆಯುತ್ತಿತ್ತೋ ಏನೋ. ಈ ಎಂಜಿನ್ನಿಗೆ ಅದು ವಿಷ. ತಣ್ಣಗಿರುವಾಗ ಅದು ಪೆಟ್ರೋಲನ್ನು ಗಟಗಟ ಕುಡಿಯುತ್ತದೆ. ಪೂರ್ತಿ ಬಿಸಿಯಾಗುವ ಮೊದಲು ಆಫ್ ಮಾಡಿದರೆ, ಉರಿಯದೆ ಉಳಿದ ಪೆಟ್ರೋಲು ಗೋಡೆಯ ಮೇಲಿನ ಆಯಿಲನ್ನೆಲ್ಲ ತೊಳೆದುಬಿಡುತ್ತದೆ. ಮುಂದಿನ ಸಲ ಸೀಲು ಒಣ ಗೋಡೆಗೆ ಉಜ್ಜುತ್ತದೆ. ಶುರು ಮಾಡಿದರೆ ಕಾಲು ಗಂಟೆಯಾದರೂ ಓಡಿಸಬೇಕು, ಇಲ್ಲವೇ ಮುಟ್ಟಲೇಬಾರದು.

ಭಾನುವಾರ ಬೆಳಿಗ್ಗೆ ಟರ್ನರ್ ಮಾವ ಮಂಚದ ಮೇಲಿಂದ ಕೇಳಿಸಿಕೊಂಡ. ಗುಂಯ್. ಅವನ ಜೀವ ಒಂದು ಕ್ಷಣ ಅರಳಿತು. ಅಷ್ಟರಲ್ಲಿ ಹೆಂಡತಿ ಜೋರಾಗಿ ಎಣಿಸುವುದು ಕೇಳಿತು: ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಎಂಜಿನ್ ನಿಂತಿತು.

ಅವನು ಎಡಗೈಯಿಂದ ಮಂಚದ ಪಟ್ಟಿಯನ್ನು ದಬದಬ ಬಡಿದ. ಓಡಿಬಂದವಳು ಅವನ ಕಣ್ಣೀರು ನೋಡಿ, "ಸಂತೋಷ ಆಯ್ತಾ? ನೋಡಿದ್ರಾ, ನನಗೂ ಬರುತ್ತೆ," ಎಂದು ಸೆರಗಿನಿಂದ ಮುಖ ಒರೆಸಿದಳು. ಅವಳ ಮುಖದ ಹಿಗ್ಗು ನೋಡಿ ಅವನಿಗೆ ಇನ್ನಷ್ಟು ಅಳು ಬಂತು.

ಮುಂದಿನ ವಾರ ಅವಳು ಸ್ನಾನಕ್ಕೆ ಹೋದಾಗ, ಕೈಗೆಟಕುವ ಗೂಟದಲ್ಲಿದ್ದ ಕೀಲಿಯನ್ನು ಎಳೆದುಕೊಂಡು ದಿಂಬಿನ ಕೆಳಗೆ ಬಚ್ಚಿಟ್ಟ. ಹಾಸಿಗೆ ಕೊಡವುವಾಗ ಅದು ಅವಳ ಕೈಗೆ ಸಿಕ್ಕಿತು. ಅವಳು ಮಂಚದ ಅಂಚಿನಲ್ಲಿ ಕೂತು ಬಹಳ ಹೊತ್ತು ಕೀಲಿಯನ್ನೇ ನೋಡಿದಳು. "ಇಷ್ಟೊಂದು ಆಸೆ ಇಟ್ಕೊಂಡಿದೀರಾ? ವಾರಕ್ಕೊಂದ್ಸಲ ಯಾಕೆ, ದಿನಾ ಕೇಳಿಸ್ತೀನಿ." ಅಂದಿನಿಂದ ಅದು ದಿನದ ಪಾಠವಾಯಿತು. ಮಾಡಲು ಹೋದದ್ದೊಂದು, ಆದದ್ದೇ ಇನ್ನೊಂದು.

ಇನ್ನೊಮ್ಮೆ ಅವನು ಪೆನ್ಸಿಲ್ಲಿಗೆ ಕೈಚಾಚಿದ. ಅವಳು ಕ್ಯಾಲೆಂಡರಿನ ಹಾಳೆ ಹರಿದು ಹಿಡಿದಳು. ಎಡಗೈಯಲ್ಲಿ ತಿಣುಕಿ ತಿಣುಕಿ ಮೂರು ಮೂಲೆಯ ರೋಟರ್ ಬರೆದ. ಅದರ ಸುತ್ತ ಗೂಡು ಬರೆಯುವಷ್ಟರಲ್ಲಿ ಪೆನ್ಸಿಲ್ ಜಾರಿತು.

"ಗುಡ್ಡಾನಾ?" ಎಂದಳು. "ಹೊರಗೆ ಹೋಗಬೇಕಾ?"

ಬೇಡವೆಂದು ತಲೆಯಾಡಿಸಲು ಹೋದ, ತಲೆ ಹೌದೆಂದಿತು. ಅವಳು ಡ್ರೈವರನ್ನು ಕರೆದು ಗಾಲಿಕುರ್ಚಿಯಲ್ಲಿ ಕೂರಿಸಿ, ಶೆಡ್ಡಿಗೇ ತಳ್ಳಿಕೊಂಡು ಹೋದಳು. ಆಮೇಲಿಂದ ಅವನ ಎದುರಲ್ಲೇ ಎಣಿಕೆ. ಹೊಗೆಕೊಳವೆಯಲ್ಲಿ ಹಸಿ ಪೆಟ್ರೋಲಿನ ವಾಸನೆ ದಿನೇದಿನೇ ಹೆಚ್ಚಾಯಿತು. ಎಂಜಿನ್ ಮೊದಲಿನಂತೆ ಸ್ಟಾರ್ಟರಿನ ಎರಡೇ ಸುತ್ತಿನಲ್ಲಿ ಹೊತ್ತಿಕೊಳ್ಳದೆ ಆರು ಸುತ್ತು, ಹತ್ತು ಸುತ್ತು ತೆಗೆದುಕೊಂಡಿತು. ಅರವತ್ತೊಂದು ಎನ್ನಲಿ, ಅರವತ್ತೆರಡು ಎನ್ನಲಿ, ಮರೆತಾದರೂ ಬಿಡಲಿ ಎಂದು ಅವನು ಉಸಿರು ಬಿಗಿಹಿಡಿಯುತ್ತಿದ್ದ. ಅವಳ ಎಣಿಕೆ ಒಂದು ದಿನವೂ ತಪ್ಪಲಿಲ್ಲ. ಎರಡೇ ಎರಡು ಮಾತು ಎಂದೋ ಒಮ್ಮೆ ಹೇಳಿದ್ದರೆ ಸಾಕಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು ಅವನಿಗೆ.

ಆದರೆ ಇನ್ನೊಂದೂ ನಡೆದಿತ್ತು. ಆ ಒಂದು ನಿಮಿಷಕ್ಕಾಗಿ ಅವಳು ತಲೆ ಬಾಚಿಕೊಂಡು ಬರತೊಡಗಿದ್ದಳು. ಸ್ಟಿಯರಿಂಗ್ ಒರೆಸುವಳು, ಗಾಜು ಒರೆಸುವಳು. ಆಫ್ ಮಾಡಿದ ಮೇಲೆ ಅಲ್ಲೇ ಸೀಟಿನಲ್ಲಿ ಕೂತು ಅವನೊಂದಿಗೆ ಹರಟುವಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಗುವುದನ್ನು ಅವನು ಕಂಡದ್ದು ಅಲ್ಲೊಂದೇ ಕಡೆ.

ಐದನೆಯ ತಿಂಗಳಲ್ಲಿ ಒಂದು ದಿನ ಎಂಜಿನ್ ಸ್ಟಾರ್ಟ್ ಆಗಲೇ ಇಲ್ಲ. ಅವಳು ಊಟ ಬಿಟ್ಟು, ಪಾನಾಗೆ ಫೋನ್ ಮಾಡಿದಳು. ಪಾನಾ ಎಂದರೆ ಸದಾ ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡಿರುವ ಮೆಕ್ಯಾನಿಕ್. ಕಾರ್ಖಾನೆಯಲ್ಲಿ ಟರ್ನರ್ ಮಾವನ ಕೈಕೆಳಗೆ ಪಳಗಿ, ಈಗ ಬೇರೆ ಊರಲ್ಲಿ ಗ್ಯಾರೇಜು ಇಟ್ಟವನು. ರೋಟರಿಯ ಗುಟ್ಟು ಬಲ್ಲ ಇನ್ನೊಂದೇ ಜೀವ. ಟರ್ನರ್ ಮಾವ ಐದು ತಿಂಗಳು ದಾರಿ ಕಾದದ್ದು ಅವನದ್ದೇ.

ಪಾನಾ ಬಂದವನೇ ಬಾನೆಟ್ ಎತ್ತಿ, ಪ್ಲಗ್ಗುಗಳನ್ನು ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿದ. "ಅತ್ತಿಗೆ, ಕೀಲಿ ತಿರುಗಿಸಿ." ಸೀಟಿನಲ್ಲಿದ್ದ ಅವಳು ತಿರುಗಿಸಿದಳು. ಸರಿಯಾಗಿದ್ದರೆ ಫುಸ್, ಫುಸ್, ಫುಸ್ ಎಂದು ಒಂದೇ ಸಮ ಮೂರು ಉಸಿರು ಬರಬೇಕು. ಒಂದು ಬಂತು. ಆಮೇಲೆ ಖಾಲಿ. ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿದ್ದ ಟರ್ನರ್ ಮಾವ ಕಣ್ಣು ಮುಚ್ಚಿಕೊಂಡ. ಪಾನಾ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದ. ಸೀಲು ಮುರಿದು ಗೋಡೆಯನ್ನು ಉದ್ದಕ್ಕೂ ಗೀರಿತ್ತು. ಇನ್ನು ಬದಲಿ ಹಾಕಲು ಸೀಲೂ ಸಿಗದು, ಗೂಡೂ ಸಿಗದು.

"ಅತ್ತಿಗೆ, ದಿನಾ ಎಷ್ಟು ಹೊತ್ತು ಓಡಿಸ್ತಿದ್ರಿ?"

"ಒಂದೇ ನಿಮಿಷ. ಆದ್ರೆ ಒಂದು ದಿನಾನೂ ತಪ್ಪಿಸಿಲ್ಲ. ಜ್ವರ ಬಂದಾಗ್ಲೂ ಎದ್ದು ಬಂದಿದೀನಿ," ಎಂದು ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

ಪಾನಾ ನೆಟ್ಟಗೆ ನಿಂತ. ಬಾಯಿ ತೆರೆದ. ಕೊನೆಗೂ ಒಬ್ಬ ಹೇಳುತ್ತಾನೆ. ಟರ್ನರ್ ಮಾವ ಹೆಂಡತಿಯ ಕಡೆ ನೋಡಿದ. ಅವಳು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗಿಯಂತೆ ಪಾನಾನ ಬಾಯನ್ನೇ ನೋಡುತ್ತಿದ್ದಳು.

ಬಾನೆಟ್ಟಿನ ಮರೆಯಲ್ಲಿ ಟರ್ನರ್ ಮಾವನ ಎಡಗೈ ಚಾಚಿ ಪಾನಾನ ಮುಂಗೈಯನ್ನು ಗಪ್ಪನೆ ಹಿಡಿಯಿತು. ಪಾನಾ ತಿರುಗಿ ಅವನ ಕಣ್ಣು ನೋಡಿದ. ಐದು ತಿಂಗಳಲ್ಲಿ ಮೊದಲ ಸಲ ಟರ್ನರ್ ಮಾವ ಹೇಳಿದ್ದು ಒಬ್ಬರಿಗೆ ಹೇಳಿದ ಹಾಗೇ ತಿಳಿಯಿತು.

"ವಯಸ್ಸಾಗಿತ್ತು ಅತ್ತಿಗೆ," ಎಂದ ಪಾನಾ. "ಯಾರೂ ಏನೂ ಮಾಡೋ ಹಾಗಿಲ್ಲ."

ಅವಳು ಸೆರಗಿನಿಂದ ಸ್ಟಿಯರಿಂಗ್ ಒರೆಸಿದಳು. "ನಾನು ದಿನಾ ಸ್ಟಾರ್ಟ್ ಮಾಡ್ತಿದ್ದಕ್ಕೇ ಇಷ್ಟು ದಿನ ತಡ್ಕೊಂಡಿತ್ತು, ಅಲ್ವಾ?"

ಪಾನಾ ಮುಂಗೈ ಕಡೆ ನೋಡಿಕೊಂಡ. ಹಿಡಿತ ಸಡಿಲಾಗಿರಲಿಲ್ಲ.

"ಹೌದು ಅತ್ತಿಗೆ. ಅದಕ್ಕೇ."

ಟರ್ನರ್ ಮಾವ ಆಗ ಕೈ ಬಿಟ್ಟ.