ಎಡಗಡೆ ಮೂರನೇ ಕಿಟಕಿ

ಸೋಮವಾರ ಬೆಳಿಗ್ಗೆ ನಜರ್‌ಬಾದ್ ಸ್ಟಾಪಿನಲ್ಲಿ ಫ್ಯಾಕ್ಟರಿ ಬಸ್ಸು ಹತ್ತಿದರೆ, ನನ್ನ ಸೀಟಿನಲ್ಲಿ ಸ್ಟೋರ್ಸ್‌ನ ಪುಟ್ಟಸ್ವಾಮಿ ಕೂತಿದ್ದಾರೆ!

ನನ್ನ ಸೀಟು ಎಂದರೆ ಎಡಗಡೆ ಮೂರನೆಯದು, ಕಿಟಕಿ ಪಕ್ಕ. ಹೂಟಗಳ್ಳಿಗೆ ಹೋಗುವ ನಮ್ಮ ಬಸ್ಸಿನಲ್ಲಿ ಸೀಟಿನ ಮೇಲೆ ಹೆಸರಿಲ್ಲ. ಆದರೆ ಯಾರದು ಯಾವುದೆಂದು ಎಲ್ಲರಿಗೂ ಗೊತ್ತು. ಸರ್ವೀಸ್ ಹೆಚ್ಚಿದಂತೆ ಹಿಂದಿನಿಂದ ಮುಂದಕ್ಕೆ ಬರಬೇಕು. ಯಾರಾದರೂ ರಿಟೈರ್ ಆದರೆ ಮಾತ್ರ ಕಿಟಕಿ. ನನಗದು ಸಿಕ್ಕಿದ್ದು ಹದಿನಾಲ್ಕನೇ ವರ್ಷಕ್ಕೆ. (ಪ್ರಮೋಷನ್ ಇನ್ನೂ ಸಿಕ್ಕಿಲ್ಲ.)

“ಇದೇನ್ ಪುಟ್ಟಸ್ವಾಮಿಯವ್ರೇ, ಇಲ್ಲಿ?”

“ನೀವು ಹೆಂಗೂ ಕೆಲ್ಸ ಬುಟ್ಟು ನರ್ಸರಿ ಮಾಡ್ತೀರಂತಲ್ಲ ಸಾರ್. ಈಗ್ಲಿಂದ್ಲೇ ಅಭ್ಯಾಸ ಆಗ್ಲಿ ಅಂತ.”

ಪಕ್ಕದ ಸೀಟಿನ ಲಿಂಗರಾಜು ತಲೆ ಬಗ್ಗಿಸಿ ಟಿಫನ್ ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗಿದರು. ಯಾರಿಗೂ ಹೇಳಬೇಡಿ ಎಂದು ಶನಿವಾರ ನಾನು ಗುಟ್ಟು ಹೇಳಿದ್ದು ಇವರೊಬ್ಬರಿಗೇ.

ಗುಟ್ಟು ಇಷ್ಟೇ. ಬೇರಿಂಗ್ ಅಳೆದು ಅಳೆದು ನನಗೆ ಸಾಕಾಗಿದೆ. ಇಲವಾಲದಲ್ಲಿ ಗೆಳೆಯ ಶಿವಣ್ಣನ ಜಾಗವಿದೆ. ಇಬ್ಬರೂ ಸೇರಿ ಗಿಡಗಳ ನರ್ಸರಿ ಮಾಡುವುದು ಮೂರು ವರ್ಷದ ಕನಸು. ಸಂಕ್ರಾಂತಿಯೊಳಗೆ ಹೇಳು ಅಂದಿದ್ದ. ಅಲ್ಲಿಯವರೆಗೆ ಇಲ್ಲಿ ಮನಸ್ಸಿಟ್ಟು ದುಡಿಯುವುದು ಹೇಗೆ? (ಮೋಟಿವೇಶನ್‌ಗೆಂದು ಎಚ್‌ಆರ್‌ನವರು ಹದ್ದು ಹಾರುವ ಪೋಸ್ಟರ್ ಅಂಟಿಸಿದ್ದಾರೆ. ಅದರ ಕೆಳಗೇ ನಾವು ಕಾರ್ಡ್ ಪಂಚ್ ಮಾಡುತ್ತೇವೆ.)

ಹದ್ದಿನ ಕೈಲಿ ಆಗದ್ದನ್ನು ಪುಟ್ಟಸ್ವಾಮಿ ಮಾಡಿದರು. ಅಂದು ಹಿಂದಿನ ಸಾಲಿನಲ್ಲಿ ಕುಲುಕಾಡುತ್ತಾ ಹೋದವನಿಗೆ ಮೈಯೆಲ್ಲ ಉರಿ. ಮರುದಿನದಿಂದ ಒಂದು ಸ್ಟಾಪ್ ಹಿಂದಕ್ಕೆ ನಡೆದು ಹೋಗಿ, ಪುಟ್ಟಸ್ವಾಮಿಗಿಂತ ಮೊದಲೇ ಬಸ್ಸು ಹತ್ತಿ ನನ್ನ ಸೀಟು ಹಿಡಿಯತೊಡಗಿದೆ. ರಜೆ ಹಾಕಲಿಲ್ಲ. ಸೀಟು ಖಾಲಿ ಬಿಡುವುದುಂಟೇ? ಕೆಲಸದಲ್ಲೂ ಚುರುಕಾದೆ, ಹೋಗುವವನು ಹೀಗೆ ದುಡಿಯುತ್ತಾನೆಯೇ ಎಂದು ಜನ ನೋಡಲಿ ಅಂತ. ಸೂಪರ್‌ವೈಸರ್ ಮೀಟಿಂಗಿನಲ್ಲಿ ಹೊಗಳಿದರು!

ಪುಟ್ಟಸ್ವಾಮಿ ಮಾತ್ರ ದಿನಾ ನನ್ನ ತಲೆಯ ಮೇಲೆ ನಿಂತು ಕೇಳುತ್ತಿದ್ದರು, “ಲಾಸ್ಟ್ ಡೇ ಯಾವತ್ತು ಸಾರ್?”

ಶುಕ್ರವಾರ ತಡೆಯಲಾಗಲಿಲ್ಲ. “ನಾನು ಎಲ್ಲೂ ಹೋಗಲ್ಲ ಕಣ್ರೀ! ರಿಟೈರ್ ಆಗೋವರ್ಗೂ ಇಲ್ಲೇ!” ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿಬಿಟ್ಟೆ. ಚಪ್ಪಾಳೆ ಬಿತ್ತು.

ಭಾನುವಾರ ಶಿವಣ್ಣನ ಫೋನು. “ಏನಪ್ಪ, ಬತ್ತೀಯೋ ಇಲ್ವೋ? ಜಾಗಾನ ಬೇರೆಯವ್ರು ಕೇಳ್ತಾವ್ರೆ.”

ಬಸ್ಸಿನವರಿಗೆ ಏನು ಹೇಳಲಿ? “ಕೊಟ್ಬುಡು” ಅಂದೆ.

ಈಗ ಕಿಟಕಿ ನನ್ನದೇ, ಯಾರದೂ ತಕರಾರಿಲ್ಲ. ಇಲವಾಲ ಅದೇ ದಾರಿಯಲ್ಲಿ ಇನ್ನೂ ಸ್ವಲ್ಪ ಮುಂದಿದೆ. ನಮ್ಮ ಬಸ್ಸು ಹೂಟಗಳ್ಳಿಯಲ್ಲೇ ನಿಲ್ಲುತ್ತದೆ.